ಊರಿಂದ ಬಂದ ನೆಂಟರಿಗೆ ಬೇಸಿಗೆಯಲ್ಲಿ ಹಳೇ ಬೆಂಗಳೂರು ತೋರಿಸುವ ಕ್ರಮ

ಶಾಲೆಗೆ ರಜೆ ಬಿಟ್ಟ ಮೇಲೆ ಬೆಂಗಳೂರಿನ ಬಹಳ ಮನೆಗಳಲ್ಲಿ ನಡೆಯುವುದು ಒಂದೇ ಕತೆ. ಹುಬ್ಬಳ್ಳಿ, ಶಿವಮೊಗ್ಗ, ಕೋಲಾರದಿಂದ ನೆಂಟರು ಬರುತ್ತಾರೆ. ಸ್ನಾನ, ತಿಂಡಿ, ಕಾಫಿ ಎಲ್ಲಾ ಮುಗಿದು ಕಾರು ಹೊರಡುವಷ್ಟರಲ್ಲಿ ಹತ್ತೂವರೆ. ವಿಧಾನಸೌಧದ ಮುಂದೆ ಫೋಟೊ, ಅಲ್ಲಿಂದ ಅರಮನೆ, ಆಮೇಲೆ ಸಿಗ್ನಲ್‌ನಲ್ಲಿ ನಿಂತೂ ನಿಂತೂ ದೇವಸ್ಥಾನದ ಹತ್ತಿರ ಇಳಿದರೆ ಬಾಗಿಲು ಹಾಕಿದೆ. ಎರಡು ಗಂಟೆಗೆ ಮಕ್ಕಳ ಅಳು, ಅಜ್ಜಿಗೆ ತಲೆಸುತ್ತು, ನಾಲ್ಕಕ್ಕೆ ಗುಡುಗು. ವಾಪಸ್ ಊರಿಗೆ ಹೋದ ಮೇಲೆ ‘ಬೆಂಗಳೂರಲ್ಲಿ ನೋಡೋಕೇನಿದೆ, ಬರೀ ಟ್ರಾಫಿಕ್ಕು’ ಅನ್ನುತ್ತಾರೆ. ಊರಲ್ಲಿ ನೋಡುವುದು ಬೇಕಾದಷ್ಟಿದೆ, ಹೊರಟ ಹೊತ್ತೇ ಸರಿ ಇರಲಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಈ ಊರು ತೋರಿಸಬೇಕಾದರೆ ಮ್ಯಾಪ್ ತೆಗೆಯುವ ಮೊದಲು ಗಡಿಯಾರ ನೋಡಬೇಕು. ಲೆಕ್ಕ ಹಾಕಬೇಕಾದದ್ದು ಮೂರು. ಒಂದು, ಬಿಸಿಲು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಹಾಗಾಗಿ ‘ನಮ್ಮಲ್ಲಿ ಅಷ್ಟು ಸೆಕೆ ಇಲ್ಲ’ ಎಂಬ ಧೈರ್ಯ ಎಲ್ಲರಿಗೂ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ, ಮತ್ತು ಈ ಎತ್ತರದಲ್ಲಿ ಗಾಳಿ ತಂಪಿದ್ದರೂ ಬಿಸಿಲು ಚುರುಗುಟ್ಟುತ್ತದೆ. ಏಪ್ರಿಲ್ 24–25ರ ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು, ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಆ ದಿನದ ಆಚೀಚೆ ಎರಡು ಮೂರು ವಾರ ನಡುಮಧ್ಯಾಹ್ನ ಯಾವ ಬೀದಿಯ ಯಾವ ಪಕ್ಕದಲ್ಲೂ ನೆರಳು ಸಿಗುವುದಿಲ್ಲ ಅಂತಲೇ ತಿಳಿಯಿರಿ. ಎರಡು, ದೇವಸ್ಥಾನಗಳ ಹೊತ್ತು: ಹೆಚ್ಚಿನವು ಹನ್ನೆರಡರ ಆಸುಪಾಸಿಗೆ ಬಾಗಿಲು ಹಾಕಿದರೆ ತೆರೆಯುವುದು ಸಂಜೆ ಐದರ ಮೇಲೆ. ಮೂರು, ಸಂಜೆ ಮಳೆ. ಮಧ್ಯಾಹ್ನ ಕಾದಷ್ಟೂ ಮೋಡ ಏಳುತ್ತದೆ. ನಾಲ್ಕರಿಂದ ಏಳರ ನಡುವೆ ಗುಡುಗು, ಬಿರುಗಾಳಿ ಸಮೇತ ಬಂದು ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಹೋಗುತ್ತದೆ. ಈ ಮೂರನ್ನೂ ಕೂಡಿಸಿದರೆ ಉಳಿಯುವ ಒಳ್ಳೇ ಹೊತ್ತು ಬೆಳಿಗ್ಗೆ ಆರರಿಂದ ಹನ್ನೊಂದೂವರೆ. ಸಂಜೆಯದು ಸಿಕ್ಕರೆ ಲಾಭ.

ಆದ್ದರಿಂದ ಒಂದೇ ದಿನಕ್ಕೆ ಎಲ್ಲವನ್ನೂ ತುರುಕಬೇಡಿ. ಎರಡು ಬೆಳಿಗ್ಗೆ ಇಟ್ಟುಕೊಳ್ಳಿ: ಮೊದಲನೆಯದು ಪೇಟೆ ಮತ್ತು ಕೋಟೆಗೆ, ಎರಡನೆಯದು ಲಾಲ್‌ಬಾಗ್ ಮತ್ತು ಬಸವನಗುಡಿಗೆ. ನೆಂಟರು ಇರುವುದೇ ಒಂದು ದಿನ ಅಂದರೆ ಪೇಟೆ-ಕೋಟೆಯನ್ನೇ ಆರಿಸಿ. ಲಾಲ್‌ಬಾಗ್ ಚೆಂದವೇ, ಆದರೆ ಈ ಊರು ಹುಟ್ಟಿದ್ದು ಪೇಟೆಯಲ್ಲಿ.

ಯಾವ ವಾರ ಹೊರಡಬೇಕು

ಮಂಗಳವಾರ, ಬುಧವಾರ ಅಥವಾ ಗುರುವಾರ. ಭಾನುವಾರ ಪೇಟೆಯ ಸಗಟು ಅಂಗಡಿಗಳು ಮುಚ್ಚಿರುತ್ತವೆ. ಕಟ್ಟಡಗಳ ಮುಖ ಕಾಣುತ್ತದೆ, ಓಡಾಟ ಸುಲಭ, ಆದರೆ ಪೇಟೆಗೆ ಕಳೆಯೇ ಇರುವುದಿಲ್ಲ. ಮೇಲಾಗಿ ಭಾನುವಾರ ಮೆಟ್ರೊ ಶುರುವಾಗುವುದೇ ಬೆಳಿಗ್ಗೆ ಏಳಕ್ಕೆ. ಉಳಿದ ದಿನ ಐದರ ಹೊತ್ತಿಗೇ ಓಡುತ್ತದೆ. ಸೋಮವಾರ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿಗೂ ರಜೆ. ಶುಕ್ರವಾರ ಗಾಂಧಿ ಬಜಾರಿನ ದೋಸೆ ಹೋಟೆಲ್ ವಿದ್ಯಾರ್ಥಿ ಭವನ ಇರುವುದಿಲ್ಲ, ಹೂವಿನ ಮಾರುಕಟ್ಟೆಯಲ್ಲಿ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ. ಅಕ್ಷಯ ತೃತೀಯದ ದಿನ ಚಿಕ್ಕಪೇಟೆ ಕಡೆ ತಲೆ ಹಾಕಲೇಬೇಡಿ, ಚಿನ್ನ ಕೊಳ್ಳುವುದಿದ್ದರೆ ಬೇರೆ ಮಾತು.

ರಾಮನವಮಿ ಸಿಕ್ಕರೆ ಅದೃಷ್ಟ. ಬೀದಿಗೊಂದು ಪೆಂಡಾಲು, ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೈಗೇ ಬರುತ್ತವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವವೂ ಶುರುವಾಗಿರುತ್ತದೆ. 1939ರಿಂದ ನಡೆದುಬಂದ ಕಛೇರಿಗಳಿವು, ಸಂಜೆಗೆ ಇದಕ್ಕಿಂತ ಒಳ್ಳೇ ಜಾಗ ಬೇಡ.

ಮೊದಲ ಬೆಳಿಗ್ಗೆ: ಮಾರ್ಕೆಟ್ಟಿನಿಂದ ಶುರು

ಕಾರು ಮನೆಯಲ್ಲೇ ಇರಲಿ. ಪೇಟೆಯಲ್ಲಿ ನಿಲ್ಲಿಸಲು ಜಾಗ ಇಲ್ಲ, ಎಂಟರ ಮೇಲೆ ಒಳಗೆ ಸಿಕ್ಕಿಕೊಂಡರೆ ಹೊರಗೆ ಬರಲು ಮುಕ್ಕಾಲು ಗಂಟೆ. ಹಸಿರು ಮಾರ್ಗದ ಮೆಟ್ರೊ ಹಿಡಿದು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಆರೂಕಾಲಿಗೆ ಇಳಿಯಿರಿ. ನೇರಳೆ ಮಾರ್ಗದಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಚಿಕ್ಕಪೇಟೆ ಬಿಟ್ಟು ಮುಂದಿನದೇ ಮಾರ್ಕೆಟ್. ಶೌಚಾಲಯದ ಕೆಲಸ ನಿಲ್ದಾಣದಲ್ಲೇ ಮುಗಿಸಿಕೊಂಡು ಮೇಲೆ ಬನ್ನಿ, ಮುಂದಿನ ಎರಡು ಗಂಟೆ ಹೆಂಗಸರಿಗೆ ಸರಿಯಾದ ಜಾಗ ಸಿಗುವುದು ಕಷ್ಟ. ಕರ್ನಾಟಕದ ವಿಳಾಸವಿರುವ ಆಧಾರ್ ಇಟ್ಟುಕೊಂಡ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಶಕ್ತಿ ಯೋಜನೆಯಲ್ಲಿ ಪುಕ್ಕಟೆ. ಊರಿಂದ ಹೊರಡುವಾಗಲೇ ಕಾರ್ಡು ತರಲು ಹೇಳಿ.

ಹೂವಿನ ವ್ಯಾಪಾರ ನಡುರಾತ್ರಿ ಕಳೆದ ಮೇಲೆ ಶುರುವಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ತಣ್ಣಗಾಗುತ್ತದೆ. ಬೇಸಿಗೆ ಮಲ್ಲಿಗೆಯ ಸುಗ್ಗಿ. ಮೊಗ್ಗು ರಾಶಿಯಲ್ಲಿ ಬರುತ್ತದೆ, ಬಿಡಿ ಹೂವು ಕೆಜಿ ಲೆಕ್ಕ, ಕಟ್ಟಿದ್ದು ಮೊಳ, ಮಾರಿನ ಲೆಕ್ಕ. ಬೆಳಿಗ್ಗೆ ಕೊಳ್ಳುವುದಾದರೆ ಬಿಗಿ ಮೊಗ್ಗನ್ನೇ ಕೊಳ್ಳಿ. ಅರಳಿದ್ದು ಹತ್ತು ಗಂಟೆಯ ಬಿಸಿಲಿಗೆ ಕಂದಿ ಹೋಗುತ್ತದೆ. ನೋಡಬೇಕಾದದ್ದು ಮಹಡಿಯಿಂದ. ಮೆಟ್ಟಿಲು ಹತ್ತಿ ಮೇಲಿನ ಅಂಚಿನಿಂದ ಕೆಳಗೆ ಬಗ್ಗಿದರೆ ಚೆಂಡುಹೂವು, ಸೇವಂತಿಗೆ, ಕನಕಾಂಬರದ ಗುಡ್ಡೆಗಳ ನಡುವೆ ಜನ ಹರಿಯುವುದು ಪೂರ್ತಿ ಕಾಣುತ್ತದೆ. ಕೆಳಗೆ ನಿಂತು ಫೋಟೊ ತೆಗೆಯುವವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ.

ಇಲ್ಲಿ ಕೆಡುವುದು ಎರಡು ಕಾರಣಕ್ಕೆ. ನೆಲದ ಮೇಲೆ ನೀರು, ಹೂವಿನ ತೊಟ್ಟು, ಬಾಳೆಲೆ ಸೇರಿ ಜಾರುತ್ತದೆ, ಹವಾಯಿ ಚಪ್ಪಲಿ ಹಾಕಿದವರು ಬೀಳುವುದು ಗ್ಯಾರಂಟಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಬೇಕು, ತೆಗೆಯಲು ಹಾಕಲು ಸುಲಭ ಇರಬೇಕು. ಮುಂದೆ ದೇವಸ್ಥಾನಗಳಿವೆ, ಲೇಸಿನ ಶೂ ಕಟ್ಟುತ್ತಾ ಕೂತರೆ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಇನ್ನೊಂದು, ತಲೆಮೇಲೆ ಮೂಟೆ ಹೊತ್ತವರು ‘ಸೈಡ್ ಸೈಡ್’ ಅಂದ ತಕ್ಷಣ ಗೋಡೆಗೆ ಒತ್ತಿ ನಿಲ್ಲಬೇಕು. ಅವರಿಗೆ ಮುಂದೆ ಸರಿಯಾಗಿ ಕಾಣುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ಗುಂಪಿನಲ್ಲಿ ಮಕ್ಕಳಿದ್ದರೆ ಒಬ್ಬರಿಗೆ ಒಂದೇ ಮಗುವಿನ ಜವಾಬ್ದಾರಿ ಕೊಡಿ. ಅರ್ಧ ಗಂಟೆ ಸಾಕು.

ಏಳಕ್ಕೆ ಅವೆನ್ಯೂ ರಸ್ತೆಗೆ ಬನ್ನಿ. ಇದೇ ಹಳೇ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಊರು ಹಾಕಿದಾಗ ಉತ್ತರ-ದಕ್ಷಿಣ ಓಡಿದ ಬೀದಿ ದೊಡ್ಡಪೇಟೆ, ಪೂರ್ವ-ಪಶ್ಚಿಮದ್ದು ಚಿಕ್ಕಪೇಟೆ. ಎರಡೂ ಕೂಡುವ ಚೌಕದಿಂದ ನಾಲ್ಕು ಜೋಡಿ ಎತ್ತು ಹೂಡಿ ನಾಲ್ಕು ದಿಕ್ಕಿಗೆ ನೇಗಿಲ ಗೆರೆ ಎಳೆಸಿದರು ಎಂಬುದು ಊರಿನ ಕತೆ. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲು ಬಾಗಿಲು. ಬಾಗಿಲುಗಳು ಹೋಗಿವೆ, ಹಲಸೂರು ಗೇಟ್ ಪೊಲೀಸ್ ಠಾಣೆಯ ಹೆಸರಲ್ಲಿ ಒಂದು ಉಳಿದಿದೆ.

ನಡೆಯುವಾಗ ಬೀದಿಯ ದಿಕ್ಕು ನೆನಪಿರಲಿ. ಅವೆನ್ಯೂ ರಸ್ತೆ ಉತ್ತರ-ದಕ್ಷಿಣವಾದ್ದರಿಂದ ಬೆಳಿಗ್ಗೆ ಪೂರ್ವದ ಸಾಲಿನ ಕಟ್ಟಡಗಳ ನೆರಳು ರಸ್ತೆಗೆ ಬೀಳುತ್ತದೆ; ಉತ್ತರಕ್ಕೆ ನಡೆಯುವಾಗ ನಿಮ್ಮ ಬಲಗಡೆಯ ಅಂಚು ಹಿಡಿದರೆ ಒಂಬತ್ತರವರೆಗೂ ತಂಪು. ಚಿಕ್ಕಪೇಟೆ ಬೀದಿ ಪೂರ್ವ-ಪಶ್ಚಿಮ, ಅಲ್ಲಿ ಬೆಳಗಿನ ಬಿಸಿಲು ಬೀದಿಯ ಉದ್ದಕ್ಕೂ ಕಣ್ಣಿಗೇ ಹೊಡೆಯುತ್ತದೆ. ಹಾಗಾಗಿ ಅದನ್ನು ಮೊದಲು ಮುಗಿಸಿ, ಅದೂ ಚೌಕದಿಂದ ಪಶ್ಚಿಮಕ್ಕೆ ಮುಖ ಮಾಡಿ, ಬಿಸಿಲು ಬೆನ್ನಿಗಿರಲಿ. ಅಂಗಡಿ ಬಾಗಿಲು ಎತ್ತುವುದು ಹತ್ತರ ಸುಮಾರಿಗೆ. ಅಲ್ಲಿಯವರೆಗೆ ಬೋರ್ಡು, ಟಾರ್ಪಾಲಿನ ಮೇಲೆ ಕಣ್ಣೆತ್ತಿದರೆ ಎರಡನೇ ಮಹಡಿಯ ಗಾರೆ ಕೆಲಸ, ಕಬ್ಬಿಣದ ಕಟಾಂಜನ, ಮರದ ಕಿಟಕಿ ಇನ್ನೂ ಅಲ್ಲಲ್ಲಿ ಸಿಗುತ್ತವೆ. ಚಿಕ್ಕಪೇಟೆಯ ಮೋಹನ್ ಬಿಲ್ಡಿಂಗ್ ಮುಂದೆ ಐದು ನಿಮಿಷ ನಿಲ್ಲಿ. ರಂಗನಾಥಸ್ವಾಮಿ ಗುಡಿ ಒಳಗಿನ ಕಂಬಗಳು ವಿಜಯನಗರ ಶೈಲಿಯವು. ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಒಳಗೆ ಹೋಗಬೇಕು.

ಮಕ್ಕಳಿಗೆ ಒಂದು ಕೆಲಸ ಕೊಡಿ, ಬೇಸರ ಕಳೆಯುತ್ತದೆ: ಪೇಟೆಗಳ ಹೆಸರು ಓದಿ ಈಗ ಅಲ್ಲಿ ಏನು ಮಾರುತ್ತಾರೆ ಅಂತ ಹೊಂದಿಸಲಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ತರಗುಪೇಟೆಯಲ್ಲಿ ಇಂದಿಗೂ ಕಾಳು-ಬೇಳೆ, ಬಳೇಪೇಟೆಯಲ್ಲಿ ಬಳೆ ಜೊತೆಗೆ ವೀಣೆ, ತಬಲ, ಹಾರ್ಮೋನಿಯಂ. ಕುಂಬಾರಪೇಟೆಯಲ್ಲಿ ಮಡಕೆ ಹುಡುಕಲು ಹೋದವರಿಗೆ ಮಾತ್ರ ನಿರಾಸೆ.

ಚೌಕಕ್ಕೆ ವಾಪಸ್ ಬಂದು ಪೂರ್ವಕ್ಕೆ ನಗರ್ತಪೇಟೆ ಹಾದು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನಕ್ಕೆ ಬನ್ನಿ. ಪಾಂಡವರು, ದ್ರೌಪದಿಯ ಗುಡಿ. ತಿಗಳ ಸಮುದಾಯದ ಹಿರಿಮೆ. ಬೆಂಗಳೂರು ಕರಗ ಹೊರಡುವುದು ಇಲ್ಲಿಂದ, ಚೈತ್ರ ಹುಣ್ಣಿಮೆಯ ನಡುರಾತ್ರಿ ಕಳೆದ ಮೇಲೆ. ನಿಮ್ಮ ನೆಂಟರು ಆ ವಾರದಲ್ಲೇ ಬಂದಿದ್ದರೆ ಮಾರನೇ ದಿನದ ಬೆಳಗಿನ ಯೋಜನೆ ಕೈಬಿಟ್ಟು ರಾತ್ರಿಯನ್ನು ಇದಕ್ಕೆ ಕೊಡಿ. ಆದರೆ ಗುಡಿಯ ಬಾಗಿಲಲ್ಲೇ ನಿಲ್ಲುವ ಹಟ ಬೇಡ: ಅಲ್ಲಿ ನೂಕುನುಗ್ಗಲು, ಹೊರಡುವ ಹೊತ್ತು ಮುಂದೆ ಹೋಗುತ್ತಲೇ ಇರುತ್ತದೆ, ಮಕ್ಕಳು ಉಸಿರುಗಟ್ಟುತ್ತಾರೆ. ಕರಗ ಪೇಟೆಯ ಬೀದಿ ಬೀದಿ ಸುತ್ತಿ ಬೆಳಗಿನವರೆಗೂ ಓಡಾಡುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವುದು ವಾಡಿಕೆ. ಆ ದಾರಿಯಲ್ಲಿ ಜಗುಲಿಯೊಂದನ್ನು ಮೊದಲೇ ಹಿಡಿದು ಕೂತರೆ ನೆಮ್ಮದಿಯಾಗಿ ಕಾಣುತ್ತದೆ. ಕರಗದ ಕಾವಲಿಗಿರುವ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಓಡಿಬರುತ್ತಾರೆ, ದಾರಿಗೆ ಅಡ್ಡ ಬರಬೇಡಿ, ಮೊಬೈಲ್ ಚಾಚಬೇಡಿ. ಬರಿಗಾಲಲ್ಲಿ ಓಡುವವರಿಗೆ ಜಾಗ ಬೇಕು.

ಮಾಮೂಲಿ ದಿನವಾದರೆ ಇಲ್ಲಿಂದ ವಾಪಸ್ ಮಾರ್ಕೆಟ್ ಕಡೆಗೆ ಹದಿನೈದು ನಿಮಿಷದ ದಾರಿ, ಎಲ್ಲಾದರೂ ಇಡ್ಲಿ-ವಡೆ ಮುಗಿಸಿ. ಹೊಟ್ಟೆ ತುಂಬ ತಿನ್ನಬೇಡಿ. ದೋಸೆ ಮೇಲೆ ಕೇಸರಿಬಾತು ಹೇರಿಕೊಂಡು ಬಿಸಿಲಿಗೆ ನಡೆದರೆ ಹತ್ತಕ್ಕೆಲ್ಲ ನಿದ್ದೆ ಎಳೆಯುತ್ತದೆ.

ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ

ಕೋಟೆ ಬಾಗಿಲು ತೆರೆಯುವುದು ಎಂಟೂವರೆಗೆ. ‘ಇಷ್ಟೇನಾ?’ ಅನ್ನುವುದು ಎಲ್ಲರ ಮೊದಲ ಮಾತು. ಹೌದು, ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಿನ ತುಂಡು ಗೋಡೆ. ಹೈದರಾಲಿ 1761ರ ಹೊತ್ತಿಗೆ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಎಬ್ಬಿಸಿದ. 1791ರ ಮಾರ್ಚ್ 7ರಂದು ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೇನೆ ಪೇಟೆ ಹಿಡಿಯಿತು, ಮಾರ್ಚ್ 21ರ ರಾತ್ರಿ ಗೋಡೆ ಒಡೆದು ಕೋಟೆಗೆ ನುಗ್ಗಿತು. ಆಮೇಲಿನ ಕಾಲದಲ್ಲಿ ರಸ್ತೆ, ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗೆಂದು ಉಳಿದ ಗೋಡೆ ಹಂತಹಂತವಾಗಿ ಹೋಯಿತು. ಇದನ್ನು ಬಾಗಿಲ ಹೊರಗೇ ಹೇಳಿ ಒಳಗೆ ಕರೆದುಕೊಂಡು ಹೋದರೆ ಆ ತುಂಡಿಗೆ ತೂಕ ಬರುತ್ತದೆ.

ನೋಡಬೇಕಾದದ್ದು ಇವು. ಗೋಡೆ ಒಡೆದ ಜಾಗ ಗುರುತಿಸುವ ಕಲ್ಲಿನ ಫಲಕ ಹೊರಮೈಯಲ್ಲಿದೆ, ಒಳಗೆ ಹೋಗುವ ಅವಸರದಲ್ಲಿ ಹೆಚ್ಚಿನವರು ಬಿಟ್ಟೇ ಹೋಗುತ್ತಾರೆ. ಎತ್ತರದ ಮರದ ಕದಗಳ ಮೇಲಿನ ಕಬ್ಬಿಣದ ಮುಳ್ಳು ಆನೆ ಗುದ್ದಬಾರದು ಎಂದು. ದಾರಿ ನೇರ ಇಲ್ಲ, ತಿರುವಿ ತಿರುವಿ ಇದೆ: ನುಗ್ಗಿದವರು ಒಂದೇ ಓಟದಲ್ಲಿ ಒಳಗೆ ಬರಬಾರದು, ತಿರುವಿನಲ್ಲಿ ನಿಧಾನಿಸಿದಾಗ ಮೇಲಿನಿಂದ ಹೊಡೆಯಬಹುದು. ಮಕ್ಕಳನ್ನು ಬಾಗಿಲಿಂದ ಒಳಗೆ ಓಡಲು ಬಿಟ್ಟು ಎಲ್ಲಿ ವೇಗ ತಗ್ಗಿತು ಅಂತ ಕೇಳಿ, ಫಲಕ ಓದುವುದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತದೆ. ಕಮಾನುಗಳ ಮೇಲೆ ಕಮಲ, ನವಿಲಿನಂಥ ಗಾರೆ ಕೆತ್ತನೆ. ಒಳಗೆ ಗಣಪತಿಯ ಪುಟ್ಟ ಗುಡಿ. ನಲವತ್ತು ನಿಮಿಷ ಧಾರಾಳ.

ಅಲ್ಲಿಂದ ಕೃಷ್ಣರಾಜೇಂದ್ರ ರಸ್ತೆಯಲ್ಲಿ ಸ್ವಲ್ಪ ನಡೆದರೆ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಅದರ ಪಕ್ಕಕ್ಕೇ ಟಿಪ್ಪುವಿನ ಅರಮನೆ. ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು, ಹದಿನೇಳನೇ ಶತಮಾನದ ಕೊನೆಯದು. ಅರಮನೆ ಹೈದರ್ 1781ರಲ್ಲಿ ಶುರು ಮಾಡಿ, ಟಿಪ್ಪು 1791ರಲ್ಲಿ ಮುಗಿಸಿದ್ದು. ಮೊದಲು ಗುಡಿ, ಆಮೇಲೆ ಅರಮನೆ. ಅಂಗಳದ ಕಲ್ಲುಚಪ್ಪಡಿ ಹತ್ತೂವರೆಯ ಮೇಲೆ ಅಂಗಾಲು ಸುಡುತ್ತದೆ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರಿಗೆ ದಪ್ಪ ಹತ್ತಿಯ ಕಾಲುಚೀಲ ತಂದಿಟ್ಟುಕೊಳ್ಳಿ. ಅವರಿಗೆ ಸುಟ್ಟದ್ದು ಗೊತ್ತಾಗುವುದು ಸಂಜೆ ಬೊಬ್ಬೆ ಎದ್ದ ಮೇಲೆ.

ಅರಮನೆಗೆ ಭಾರತೀಯರಿಗೆ ಟಿಕೆಟ್ 20–25 ರೂಪಾಯಿ, ಮೊಬೈಲ್‌ನಲ್ಲಿ ಕೊಂಡರೆ ಸ್ವಲ್ಪ ಅಗ್ಗ. ಹದಿನೈದು ವರ್ಷದೊಳಗಿನ ಮಕ್ಕಳಿಗಿಲ್ಲ. ಇದು ಪುರಾತತ್ವ ಇಲಾಖೆಯದು, ಸಂಜೆ ಐದೂವರೆಗೆ ಮುಚ್ಚುತ್ತದೆ. ಒಳಗೆ ಹೋದ ತಕ್ಷಣ ಫಲಕಗಳ ಕಡೆ ಓಡಬೇಡಿ, ಕಟ್ಟಡವನ್ನೇ ನೋಡಿ. ತೇಗದ ಕಂಬಗಳು ನೇರ ನೆಲಕ್ಕೆ ಇಳಿದಿಲ್ಲ, ಒಂದೊಂದೂ ಕಲ್ಲಿನ ಪೀಠದ ಮೇಲೆ ಕೂತಿದೆ: ಮಳೆನೀರು, ಗೆದ್ದಲು ಮರಕ್ಕೆ ಏರಬಾರದಲ್ಲ. ಮುಂದಿನ ಮೊಗಸಾಲೆ ಪೂರ್ತಿ ತೆರೆದಿದ್ದು ಎರಡಂತಸ್ತಿನಷ್ಟು ಎತ್ತರ. ಕಾದ ಗಾಳಿ ಮೇಲೆ ಹೋಗಿ, ಕೆಳಗೆ ಗಾಳಿ ಆಡುತ್ತಲೇ ಇರುತ್ತದೆ. ದಪ್ಪ ಗೋಡೆ ಮಧ್ಯಾಹ್ನದವರೆಗೆ ಕಾವನ್ನು ಒಳಗೆ ಬಿಡುವುದಿಲ್ಲ. ಹನ್ನೊಂದರ ಬಿಸಿಲಲ್ಲಿ ಹೊರಗಿನ ಹುಲ್ಲಿನ ಮೇಲೆ ಒಂದು ನಿಮಿಷ ನಿಂತು, ಆಮೇಲೆ ಕಂಬಗಳ ನಡುವೆ ಬಂದು ನಿಲ್ಲಿ. ಬೇಸಿಗೆ ಅರಮನೆ ಅಂದರೇನು ಎಂಬುದು ಮೈಗೇ ಗೊತ್ತಾಗುತ್ತದೆ. ಹಾಗಾಗಿ ಇದನ್ನು ಬೆಳಿಗ್ಗೆ ಕೊನೆಗೆ ಇಡುವುದು.

ಮಹಡಿಯ ಮೆಟ್ಟಿಲು ಕಡಿದು, ಇಕ್ಕಟ್ಟು. ಮಂಡಿನೋವಿನವರು ಕೆಳಗೇ ಕೂರಲಿ, ಕಂಬಗಳ ಸಾಲು ಕೆಳಗಿನಿಂದಲೇ ಚೆಂದ. ಹತ್ತಿದವರು ಮುಂಚಾಚಿದ ಉಪ್ಪರಿಗೆ ನೋಡಿ ಬರಲಿ. ಗೋಡೆ, ಚಾವಣಿಯಲ್ಲಿ ಮಾಸಿದ ಬಣ್ಣದ ಹೂಬಳ್ಳಿಗಳಿವೆ. ಕಣ್ಣು ಕತ್ತಲೆಗೆ ಹೊಂದಲು ಎರಡು ನಿಮಿಷ ಬೇಕು, ಮೊಬೈಲ್ ಫ್ಲ್ಯಾಶ್ ಹಾಕಿದರೆ ಏನೂ ಕಾಣುವುದಿಲ್ಲ. ಟಿಪ್ಪು ತೀರಿದ ಮೇಲೆ ಬ್ರಿಟಿಷ್ ಆಡಳಿತದ ಕಚೇರಿ ಇಲ್ಲೇ ಇತ್ತು, 1868ರಲ್ಲಿ ಕಬ್ಬನ್ ಪಾರ್ಕಿನ ಅಠಾರಾ ಕಚೇರಿಗೆ ಹೋಯಿತು. ಸಂಜೆ ಆ ಕೆಂಪು ಕಟ್ಟಡ ತೋರಿಸುವಾಗ ಹೇಳಲು ಇದನ್ನು ಇಟ್ಟುಕೊಳ್ಳಿ.

ಪೇಟೆ, ಕೋಟೆ, ಅರಮನೆ ಒಟ್ಟು ನಡಿಗೆ ನಾಲ್ಕು ಕಿಲೋಮೀಟರ್ ಆಸುಪಾಸು. ಎಪ್ಪತ್ತು ದಾಟಿದವರಿದ್ದರೆ ಪೇಟೆಯನ್ನು ಬಿಟ್ಟು ನೇರ ಕೋಟೆಗೆ ಎಂಟೂವರೆಗೆ ಕರೆತನ್ನಿ. ಆಟೊ ಮೀಟರ್ ಆಗಸ್ಟ್ 2025ರಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಮಾರ್ಕೆಟ್ ಮುಂದೆ ನಿಂತ ಆಟೊಗಳು ಮೀಟರ್ ಮುಟ್ಟುವುದು ಅಪರೂಪ. ಸ್ವಲ್ಪ ಮುಂದೆ ನಡೆದು ಓಡುತ್ತಿರುವ ಆಟೊಗೆ ಕೈ ಅಡ್ಡ ಹಿಡಿಯಿರಿ.

ಹನ್ನೊಂದೂವರೆಯಿಂದ ನಾಲ್ಕು

ಮನೆಗೆ ಹೋಗಿ ಊಟ ಮಾಡಿ ಮಲಗಿ. ಮನೆ ದೂರವಿದ್ದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಒಳ್ಳೇ ಆಶ್ರಯ: ಹಳೇ ಬಂಗಲೆ, ದೊಡ್ಡ ಮರಗಳು, ಒಳಗೆ ತಂಪು. ಬೆಂಗಳೂರು ಅರಮನೆಯೂ ಹಗಲಿಡೀ ತೆರೆದಿರುತ್ತದೆ, ಆದರೆ ಟಿಕೆಟ್ 200 ರೂಪಾಯಿ ಮೀರುತ್ತದೆ, ಆರು ಜನರ ಕುಟುಂಬಕ್ಕೆ ಭಾರವೇ. ಮಕ್ಕಳು ಹಟ ಹಿಡಿಯದಿದ್ದರೆ ಬಿಡಬಹುದು ಎಂಬುದು ನಮ್ಮ ಅಭಿಪ್ರಾಯ.

ಕುಡಿಯುವುದರ ಲೆಕ್ಕ ಹೊರಡುವಾಗಲೇ ಆಗಬೇಕು. ಬೆಳಗಿನ ಅವಧಿಗೆ ದೊಡ್ಡವರಿಗೆ ತಲಾ ಒಂದು ಲೀಟರ್ ನೀರು, ಜೊತೆಗೆ ನೀರುಮಜ್ಜಿಗೆ. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು, ಮುಕ್ಕಾಲು ಚಮಚ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು, ಕಡೆದು ಸೋಸಿ. ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ, ಸೆಕೆಗೆ ಹುಳಿ ಏರಿ ಮುಚ್ಚಳ ತೆಗೆದಾಗ ಸೀರೆ ಮೇಲೇ ಚಿಮ್ಮುತ್ತದೆ. ಹತ್ತರೊಳಗೆ ಕುಡಿದು ಮುಗಿಸಿ. ಪಾನಕಕ್ಕಾದರೆ ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, ಅರ್ಧ ಚಮಚ ಮೆಣಸಿನಪುಡಿ (ಕಾಳುಮೆಣಸು, ಖಾರದಪುಡಿ ಅಲ್ಲ), ಎರಡು ಏಲಕ್ಕಿ, ಅರ್ಧ ನಿಂಬೆಹಣ್ಣು. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳುವವರು ಹಿಂದಿನ ಬರಹ ಓದಿ: ಕೆಲವು ಒಂದು ಲೀಟರ್ ನೀರಿಗೆ, ಕೆಲವು 200 ಮಿಲಿಗೆ. ದೊಡ್ಡದನ್ನು ಲೋಟದಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆಯೇ.

ತಲೆನೋವು, ವಾಕರಿಕೆ, ಮೈ ತಣ್ಣಗೆ ಬೆವೆತರೆ ನೆರಳಿಗೆ ತಂದು ಮಲಗಿಸಿ, ಕಾಲು ಎತ್ತರಿಸಿ, ಒದ್ದೆಬಟ್ಟೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಮೈ ಕಾದು ಗುರುತು ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ, ಅಲ್ಲಿಯವರೆಗೆ ಮೈಗೆ ನೀರು ಸುರಿದು ಗಾಳಿ ಬೀಸಿ.

ಸಂಜೆ

ನಾಲ್ಕೂವರೆಗೆ ಆಕಾಶ ನೋಡಿ. ಪಡುವಣ ಬಿಳಿದಾಗಿದ್ದರೆ ಕಬ್ಬನ್ ಪಾರ್ಕ್. ಮೆಟ್ರೊದಲ್ಲಿ ಇಳಿದು ಪಾರ್ಕಿನ ಒಳಗಿಂದಲೇ ಅಠಾರಾ ಕಚೇರಿ ಕಡೆ ಬನ್ನಿ. ಈಗ ಅದು ಹೈಕೋರ್ಟ್, ಒಳಗೆ ಬಿಡುವುದಿಲ್ಲ. ಎದುರಿಗಿರುವ ವಿಧಾನಸೌಧ ಕೆಂಗಲ್ ಹನುಮಂತಯ್ಯನವರ ಮುಂದಾಳತ್ವದಲ್ಲಿ ಎದ್ದು 1956ರಲ್ಲಿ ಮುಗಿದದ್ದು. ಅದರ ಮುಂಭಾಗ ಪೂರ್ವಕ್ಕಿದೆ, ಸಂಜೆ ಸೂರ್ಯ ಅದರ ಬೆನ್ನಿಗಿರುವುದರಿಂದ ಫೋಟೊದಲ್ಲಿ ಎಲ್ಲರ ಮುಖ ಕಪ್ಪು. ಸಂಜೆ ಬೆಳಕು ಬೀಳುವುದು ಎದುರಿನ ಕೆಂಪು ಕಟ್ಟಡಕ್ಕೆ. ಭಾನುವಾರ ಸಂಜೆ ವಿಧಾನಸೌಧಕ್ಕೆ ದೀಪಾಲಂಕಾರ ಇರುತ್ತದೆ, ಅದೊಂದು ಬೇಕಾದರೆ ಭಾನುವಾರ ಸಂಜೆ ಬೇರೆಯಾಗಿ ಬನ್ನಿ.

ಮೋಡ ಕಪ್ಪಾಗಿ ಗಾಳಿ ತಿರುಗಿದರೆ ಮರದಡಿ ನಿಲ್ಲಬೇಡಿ. ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಮೊದಲು ಮುರಿಯುವುದು ಈಗಷ್ಟೇ ಕೆಂಪು ಹೂ ತುಂಬಿಕೊಂಡ ಗುಲ್‌ಮೊಹರ್. ಕೊಂಬೆ ಭಾರ, ಬೇರು ಮೇಲುಮೇಲೆ. ಮೆಟ್ರೊ ನಿಲ್ದಾಣದೊಳಗೆ ಹೋಗಿ ಮುಕ್ಕಾಲು ಗಂಟೆ ಕಾಯಿರಿ. ಮಳೆ ನಿಂತ ಮೇಲೂ ಅಂಡರ್‌ಪಾಸ್ ಇರುವ ದಾರಿಗೆ ಆಟೊ ಬೇಡ, ನೀರು ಇಳಿದಿರುವುದಿಲ್ಲ.

ಎರಡನೇ ಬೆಳಿಗ್ಗೆ

ಲಾಲ್‌ಬಾಗ್‌ಗೆ ಆರಕ್ಕೆ. ಒಂಬತ್ತರವರೆಗೆ ಪ್ರವೇಶ ಉಚಿತ, ಆಮೇಲೆ ಟಿಕೆಟ್. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ ಈಗ 240 ಎಕರೆ. ಪೂರ್ತಿ ಸುತ್ತುವ ಆಸೆ ಬೇಡ. ಮೊದಲು ಬಂಡೆ, ಆಮೇಲೆ ಗಾಜಿನ ಮನೆ, ಅಷ್ಟೇ. ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ, ಅದರ ನೆತ್ತಿಯ ಮೇಲಿನ ಗೋಪುರ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು. ಆರರಿಂದ ಏಳರೊಳಗೆ ಹತ್ತಿ ಇಳಿಯಿರಿ. ಸಂಜೆ ಹೋಗುವವರೇ ಜಾಸ್ತಿ, ಆದರೆ ದಿನವಿಡೀ ಕಾದ ಬಂಡೆ ರಾತ್ರಿಯವರೆಗೂ ಬಿಸಿ ಉಗುಳುತ್ತದೆ, ಗುಡುಗಿದರೆ ಸಿಡಿಲಿಗೆ ಆ ಬೋಳು ನೆತ್ತಿಗಿಂತ ಎತ್ತರ ಸುತ್ತ ಏನೂ ಇಲ್ಲ. ಮೆಟ್ರೊದಿಂದ ಪಶ್ಚಿಮ ದ್ವಾರದಲ್ಲಿ ಒಳಗೆ ಬಂದು ಮುಖ್ಯದ್ವಾರದಿಂದ ಹೊರಟರೆ 1924ರಲ್ಲಿ ಶುರುವಾದ ಎಂಟಿಆರ್ ನಡಿಗೆಯ ದೂರದಲ್ಲಿದೆ. ರವೆ ಇಡ್ಲಿ ತಿನ್ನಿ. ಎಂಟರ ಮೇಲೆ ಸಾಲು ಬೆಳೆಯುತ್ತದೆ.

ಅಲ್ಲಿಂದ ಆಟೊದಲ್ಲಿ ದೊಡ್ಡಬಸವನ ಗುಡಿ. ನಾಲ್ಕೂವರೆ ಮೀಟರ್ ಎತ್ತರ, ಆರೂವರೆ ಮೀಟರ್ ಉದ್ದದ ಏಕಶಿಲಾ ಬಸವ. ಎಣ್ಣೆ ಬಳಿದೂ ಬಳಿದೂ ಕಪ್ಪಾಗಿದೆ. ಮುಂದೆ ನಿಂತು ಕೈಮುಗಿದು ಬರುವವರೇ ಹೆಚ್ಚು. ಹಿಂದಿನಿಂದ ಒಂದು ಸುತ್ತು ಹಾಕಿ, ಮಡಿಸಿದ ಕಾಲು, ಬಾಲ ಅಲ್ಲಿಂದಲೇ ಕಾಣುವುದು. ಕೆಳಗೆ ದೊಡ್ಡ ಗಣಪತಿ, ಪಕ್ಕದಲ್ಲಿ ಬ್ಯೂಗಲ್ ರಾಕ್ ಪಾರ್ಕಿನ ನೆರಳು. ಹತ್ತೂವರೆಯೊಳಗೆ ಗವಿಪುರದ ಗವಿಗಂಗಾಧರೇಶ್ವರಕ್ಕೆ ಬನ್ನಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಭಾರಿ ಕಲ್ಲಿನ ಚಕ್ರಗಳು, ತ್ರಿಶೂಲ, ಡಮರು. ಬಸವನ ಕೊಂಬಿನ ನಡುವೆ ಬಿಸಿಲು ಹಾದು ಲಿಂಗಕ್ಕೆ ಬೀಳುವುದು ಸಂಕ್ರಾಂತಿಗೆ, ಬೇಸಿಗೆಯಲ್ಲಿ ಅದನ್ನು ಕಾಯುತ್ತಾ ಕೂರಬೇಡಿ. ಗವಿಯೊಳಗಿನ ಪ್ರದಕ್ಷಿಣೆಯ ದಾರಿ ತಗ್ಗು, ನಡು ಬಗ್ಗಿಸಿಯೇ ಹೋಗಬೇಕು, ಒಳಗೆ ಸೆಕೆ. ಬೆನ್ನುನೋವು, ಉಬ್ಬಸ ಇದ್ದವರು ಹೊರಗಿನಿಂದಲೇ ದರ್ಶನ ಮಾಡಲಿ.

ಇನ್ನೂ ಹಳೆಯದು ಬೇಕು ಅನ್ನುವವರಿಗೆ ಬೇಗೂರು. ನಾಗೇಶ್ವರ ದೇವಸ್ಥಾನದ ಹತ್ತಿರ ಸಿಕ್ಕ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ‘ಬೆಂಗಳೂರ ಕಾಳೆಗ’ದ ಮಾತು ಬರುತ್ತದೆ. ಕೆಂಪೇಗೌಡರಿಗಿಂತ ಆರೂವರೆ ಶತಮಾನ ಹಿಂದಿನದು. ಹೊಸೂರು ರಸ್ತೆ ಕಡೆ, ಒಂದು ಬೆಳಿಗ್ಗೆ ಬೇರೆಯೇ ಬೇಕು.

ನೆಂಟರು ಹೊರಡುವ ದಿನ ಮಾವು ಕಟ್ಟಿಕೊಡುವುದಾದರೆ ಮೇ ನಡುವಿನಿಂದ ಬಾದಾಮಿ, ರಸಪುರಿ ಎರಡೂ ಚೆನ್ನಾಗಿರುತ್ತವೆ. ಲಾಲ್‌ಬಾಗ್‌ನಲ್ಲಿ ಮಾವು ಮೇಳ ನಡೆಯುತ್ತಿದ್ದರೆ ರೈತರಿಂದಲೇ ಕೊಳ್ಳಿ. ಮೈಯೆಲ್ಲ ಒಂದೇ ಸಮ ಹಳದಿ, ತೊಟ್ಟಿನ ಹತ್ತಿರ ಮೂಗಿಟ್ಟರೂ ವಾಸನೆ ಇಲ್ಲ ಅಂದರೆ ಒತ್ತಾಯದಿಂದ ಹಣ್ಣು ಮಾಡಿದ್ದು, ಬಿಟ್ಟುಬಿಡಿ. ರಾತ್ರಿ ಬಸ್ಸಿಗೆ ಪೂರ್ತಿ ಮಾಗಿದ್ದು ಬೇಡ, ಒತ್ತಿದರೆ ಸ್ವಲ್ಪವೇ ತಗ್ಗುವ ದೋರಗಾಯಿ ಆರಿಸಿ. ಒಂದೊಂದಕ್ಕೂ ಪೇಪರ್ ಸುತ್ತಿ, ತೊಟ್ಟು ಕೆಳಗೆ ಮಾಡಿ, ಎರಡು ಪದರಕ್ಕಿಂತ ಹೆಚ್ಚು ಪೇರಿಸದೆ ತೂತಿರುವ ರಟ್ಟಿನ ಡಬ್ಬಿಯಲ್ಲಿ ಇಡಿ. ಬಸ್ಸಿನ ಡಿಕ್ಕಿಗೆ ಹಾಕಿದರೆ ಇಂಜಿನ್ ಕಾವಿಗೆ ಬೆಂದುಹೋಗುತ್ತದೆ, ಕಾಲಡಿಯಲ್ಲೇ ಇಟ್ಟುಕೊಳ್ಳಲು ಹೇಳಿ.